ಇರುಳಿನ ಸದ್ದಿಗೊಂದು ಎಲ್ಲೆ

ನಮ್ಮ ಅರಸೀಕೆರೆಯ ಜನಕ್ಕೆ ರೈಲಿನ ಸದ್ದು ರೂಢಿಯಾದದ್ದೇ. ಆದರೆ ಮದುವೆಯ ಧ್ವನಿವರ್ಧಕಕ್ಕೆ ಪಕ್ಕದ ಮನೆಯ ರೋಗಿ ಒಗ್ಗಿಕೊಳ್ಳಲಾರ. ಇಂಥವರ ನಿದ್ದೆಗೆ ರಕ್ಷಣೆಯಾಗಿ 2000ನೆಯ ಇಸವಿಯಲ್ಲಿ ಕೇಂದ್ರ ಸರ್ಕಾರವು ಶಬ್ದಮಾಲಿನ್ಯ ನಿಯಮಗಳನ್ನು ಹೊರಡಿಸಿತು.

ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಅನುಮತಿಯಿದ್ದರೂ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅದು ಮೂಕವಾಗಿರತಕ್ಕದ್ದು. ಧಾರ್ಮಿಕ, ಸಾಂಸ್ಕೃತಿಕ ಉತ್ಸವಗಳಿಗೆ ಮಾತ್ರ ವರ್ಷಕ್ಕೆ 15 ದಿನ ಮೀರದಂತೆ, ನಡುರಾತ್ರಿಯವರೆಗೆ ರಾಜ್ಯ ಸರ್ಕಾರ ಸಡಿಲಿಕೆ ಕೊಡಬಹುದು. 2010ರ ತಿದ್ದುಪಡಿಯಂತೆ, ವಾಸದ ಬಡಾವಣೆಗಳಲ್ಲಿ ಸದ್ದು ಮಾಡುವ ಕಟ್ಟಡದ ಯಂತ್ರಗಳೂ ರಾತ್ರಿ ನಿಲ್ಲಬೇಕು.

ವಾಸದ ಬೀದಿಗೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಈ ಅಂತರ ಅಲ್ಪವೆನ್ನಬೇಡಿ. 10 ಡೆಸಿಬೆಲ್ ಏರಿದರೆ ಶಬ್ದದ ತೀವ್ರತೆ ಹತ್ತುಪಟ್ಟಾಗುತ್ತದೆ. ಮಿತಿಮೀರಿದರೆ ಅಧಿಕಾರಿಗೆ ದೂರು ಕೊಡಬಹುದು, ನಿಜ. ಗಡಿಯಾರ ನೋಡಿ ನಾವೇ ಗುಂಡಿ ತಿರುಗಿಸಿದರೆ ದೂರಿಗೆ ಎಡೆಯೆಲ್ಲಿ?