ವೇಗೋತ್ಕರ್ಷ: ಪದವೂ ಅರ್ಥವೂ

ದಿನಬಳಕೆಯ ಕನ್ನಡದಲ್ಲಿ ಜವ, ವೇಗ ಎಂಬೆರಡು ಪದಗಳಿಗೂ ಅರ್ಥ ಒಂದೇ. ಭೌತವಿಜ್ಞಾನದಲ್ಲಿ ಹಾಗಲ್ಲ. ವಸ್ತುವು ಒಂದು ಸೆಕೆಂಡಿನಲ್ಲಿ ಎಷ್ಟು ದೂರ ಸಾಗುವುದೆಂಬುದು ಅದರ ಜವ. ಯಾವ ದಿಕ್ಕಿನಲ್ಲಿ ಎಂಬುದನ್ನೂ ಕೂಡಿಸಿ ಹೇಳಿದರೆ ಅದು ವೇಗ. ಈ ವೇಗವು ಬದಲಾಗುವ ದರಕ್ಕೆ ನಮ್ಮ ಪಠ್ಯಪುಸ್ತಕಗಳು ವೇಗೋತ್ಕರ್ಷವೆಂದು ಹೆಸರಿಟ್ಟಿವೆ. ಆದರೆ ಈ ಹೆಸರಿನೊಳಗೇ ಒಂದು ತೊಡಕು ಅಡಗಿದೆ. ಉತ್ಕರ್ಷವೆಂದರೆ ಏಳಿಗೆ, ಹೆಚ್ಚಳ. ಆದುದರಿಂದ ವೇಗ ಹೆಚ್ಚಿದಾಗ ಮಾತ್ರವೇ ವೇಗೋತ್ಕರ್ಷವುಂಟೆಂದು ಓದುಗನು ಭಾವಿಸುವುದು ಸಹಜ. ಶಾಸ್ತ್ರವು ಅದಕ್ಕೆ ಕೊಡುವ ಅರ್ಥ ಇದಕ್ಕಿಂತ ವಿಶಾಲವಾದುದು.

ಸೆಕೆಂಡಿಗೆ 19.6 ಮೀಟರ್ ವೇಗದಿಂದ ನೇರವಾಗಿ ಮೇಲಕ್ಕೆ ಎಸೆದ ಕಲ್ಲೊಂದನ್ನು ಗಮನಿಸೋಣ. ಗಾಳಿಯ ತಡೆಯನ್ನು ಬದಿಗಿಟ್ಟರೆ, ಮೊದಲನೆಯ ಸೆಕೆಂಡು ಮುಗಿಯುವಾಗ ಅದರ ವೇಗ 9.8 ಮೀಟರಿಗೆ ಇಳಿದಿರುತ್ತದೆ. ಎರಡನೆಯದು ಮುಗಿಯುವಾಗ ಸೊನ್ನೆ. ಮೂರನೆಯದು ಮುಗಿಯುವಾಗ ಮತ್ತೆ 9.8 ಮೀಟರ್, ಆದರೆ ಕೆಳಮುಖವಾಗಿ. ಏರುವಾಗ ವೇಗ ಕುಗ್ಗಿತು, ಇಳಿಯುವಾಗ ಹಿಗ್ಗಿತು. ವೇಗೋತ್ಕರ್ಷವಾದರೋ ಉದ್ದಕ್ಕೂ ಒಂದೇ ಆಗಿತ್ತು. ಪ್ರತಿಯೊಂದು ಸೆಕೆಂಡಿನಲ್ಲಿಯೂ ವೇಗವು ಕೆಳದಿಕ್ಕಿನತ್ತ 9.8 ಮೀಟರಿನಷ್ಟು ಬದಲಾಗುತ್ತಲೇ ಇತ್ತು. ತುತ್ತತುದಿಯ ಕ್ಷಣದಲ್ಲಿ ವೇಗ ಶೂನ್ಯವಾದರೂ ವೇಗೋತ್ಕರ್ಷ ಶೂನ್ಯವಲ್ಲ. ಅಲ್ಲಿ ಅದೂ ಶೂನ್ಯವಾಗಿ ಹಾಗೆಯೇ ಉಳಿದಿದ್ದರೆ, ಕಲ್ಲು ಆಕಾಶದಲ್ಲಿಯೇ ನಿಂತುಬಿಡಬೇಕಾಗಿತ್ತು.

ವೇಗ ಬದಲಾಗುವ ಮೂರನೆಯ ಬಗೆ ಇನ್ನೂ ಸೂಕ್ಷ್ಮವಾದುದು. ಚಂದ್ರನು ಸೆಕೆಂಡಿಗೆ ಸುಮಾರು 1 ಕಿಲೋಮೀಟರ್ ಜವದಿಂದ ಭೂಮಿಯನ್ನು ಸುತ್ತುತ್ತಾನೆ. ಆ ಜವದಲ್ಲಿ ಏರಿಳಿತ ಅತ್ಯಲ್ಪ. ದಿಕ್ಕು ಮಾತ್ರ ಎಡೆಬಿಡದೆ ತಿರುಗುತ್ತಿರುತ್ತದೆ. ದಿಕ್ಕು ತಿರುಗಿದರೆ ವೇಗವೂ ಬದಲಾದಂತೆಯೇ. 1687ರಲ್ಲಿ ಪ್ರಕಟವಾದ ‘ಪ್ರಿನ್ಸಿಪಿಯಾ’ದಲ್ಲಿ ನ್ಯೂಟನ್ನನು ಚಂದ್ರನ ಈ ಬಾಗುವಿಕೆಯನ್ನೂ ನೆಲಕ್ಕೆ ಬೀಳುವ ವಸ್ತುವಿನ ಪತನವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದನು. ಭೂಕೇಂದ್ರದಿಂದ ಚಂದ್ರನಿರುವ ದೂರ ಭೂಮಿಯ ತ್ರಿಜ್ಯದ ಸುಮಾರು 60 ಪಟ್ಟು. ಗುರುತ್ವವು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುವುದಾದರೆ, ಅಲ್ಲಿ ಅದು ನೆಲದ ಮೇಲಿರುವುದರ 3600ರಲ್ಲಿ ಒಂದು ಪಾಲಿರಬೇಕು. ಲೆಕ್ಕ ಸರಿಹೊಂದುತ್ತದೆ. ಕೈಯಿಂದ ಜಾರಿದ ಕಲ್ಲು ಮೊದಲನೆಯ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಅಷ್ಟೇ ಕಾಲದಲ್ಲಿ ಚಂದ್ರನು ಸರಳರೇಖೆಯನ್ನು ಬಿಟ್ಟು ಭೂಮಿಯ ಕಡೆಗೆ ಸುಮಾರು 1.4 ಮಿಲಿಮೀಟರ್ ಬಾಗುತ್ತಾನೆ. ಅವನೂ ಬೀಳುತ್ತಲೇ ಇದ್ದಾನೆ. ಮುಂದಕ್ಕೆ ಸಾಗುವ ವೇಗವಿರುವುದರಿಂದ ನೆಲವನ್ನು ಮುಟ್ಟುವುದಿಲ್ಲ, ಅಷ್ಟೆ.

ಹೆಚ್ಚುವುದು, ಕುಗ್ಗುವುದು, ತಿರುಗುವುದು—ಈ ಮೂರನ್ನೂ ಒಂದೇ ಪರಿಕಲ್ಪನೆಯೊಳಗೆ ತಂದುದರಿಂದಲೇ ಕಲ್ಲಿಗೂ ಚಂದ್ರನಿಗೂ ಒಂದೇ ನಿಯಮವನ್ನು ಹೇಳುವುದು ಸಾಧ್ಯವಾಯಿತು. ಬಳಕೆಯಲ್ಲಿ ನೆಲೆಗೊಂಡಿರುವ ಪದವನ್ನು ಕೈಬಿಡಬೇಕಾದ ಅಗತ್ಯವಿಲ್ಲ. ಆದರೆ ಅದನ್ನು ಕಲಿಸುವವರು ಉತ್ಕರ್ಷವೆಂಬಲ್ಲಿ ಹೆಚ್ಚಳವನ್ನಷ್ಟೇ ಅಲ್ಲದೆ ಬದಲಾವಣೆಯನ್ನೂ ಕಾಣಿಸಬೇಕು. ಇಲ್ಲವಾದರೆ ಪದವು ವಿದ್ಯಾರ್ಥಿಯ ಬಾಯಿಗೆ ಬಂದರೂ ಅರ್ಥವು ಅವನಿಗೆ ದಕ್ಕುವುದಿಲ್ಲ.