ಬೆಳಕನ್ನು ಮಾರ್ಪಡಿಸುವ ಕಣಗಳೂ ಸಸ್ಯಪೋಷಣೆಯೂ

ಎಲೆಯ ಮೇಲೆ ಬೀಳುವ ಬಿಸಿಲೆಲ್ಲವೂ ಸಸ್ಯಕ್ಕೆ ಆಹಾರವಾಗುವುದಿಲ್ಲ. ಪಾಚಿಯ ಎಳೆಯ ಮೇಲೆ ವರ್ಣಪಟಲವನ್ನು ಬೀಳಿಸಿದಾಗ, ಆಮ್ಲಜನಕವನ್ನರಸುವ ಸೂಕ್ಷ್ಮಜೀವಿಗಳು ಕೆಂಪು ಮತ್ತು ನೀಲಿ ಬೆಳಕಿನೆಡೆಯಲ್ಲಿ ಗುಂಪುಗೂಡುವುದನ್ನು ಜರ್ಮನ್ ವಿಜ್ಞಾನಿ ಎಂಗೆಲ್ಮನ್ನನು 1882ರಲ್ಲಿ ಕಂಡನು. ಪತ್ರಹರಿತ್ತು ಹೆಚ್ಚಾಗಿ ಹೀರುವುದೂ ಈ ಕಿರಣಗಳನ್ನೇ.

ಅತಿನೇರಳೆ ಕಿರಣಗಳಾದರೋ ಈ ಕಾರ್ಯಕ್ಕೆ ಬಹುಮಟ್ಟಿಗೆ ಒದಗುವುದಿಲ್ಲ. ಅವನ್ನು ಹೀರಿ ಕೆಂಪು ಬೆಳಕನ್ನು ಹೊರಸೂಸುವ, ಕೆಲವೇ ನ್ಯಾನೋಮೀಟರು ಗಾತ್ರದ ಅರೆವಾಹಕ ಕಣಗಳನ್ನು ಹಸುರುಮನೆಯ ಹೊದಿಕೆಯಲ್ಲಿ ಬೆರೆಸುವುದುಂಟು. ಕಣವು ದೊಡ್ಡದಾದಷ್ಟೂ ಹೊರಡುವ ಬೆಳಕು ಕೆಂಪಿನ ಕಡೆಗೆ ಸರಿಯುವುದು.

ಆದರೆ ಕಣಗಳು ಶಕ್ತಿಯನ್ನು ಸೃಷ್ಟಿಸಲಾರವು. ಪ್ರತಿ ಪರಿವರ್ತನೆಯಲ್ಲಿಯೂ ಒಂದಂಶವು ಉಷ್ಣವಾಗಿ ಕಳೆಯುವುದು. ಉರಿಬಿಸಿಲಿನಲ್ಲಿ ಎಲೆಗೆ ಬೆಳಕಿನ ಕೊರತೆಯೇ ಇಲ್ಲದಿರುವುದರಿಂದ ಪ್ರಯೋಜನವು ಅಲ್ಪ. ಮಂದ ಬೆಳಕಿನಲ್ಲಿಯೇ ಲಾಭದ ನಿರೀಕ್ಷೆ ಹೆಚ್ಚು. ಕೆಲವು ಕಣಗಳಲ್ಲಿರುವ ಕ್ಯಾಡ್ಮಿಯಂ ವಿಷವಸ್ತು. ಅದು ಅನ್ನಕ್ಕೆ ಸೇರಬಾರದೆಂದೇ ಇಂಗಾಲದ ಕಣಗಳ ಅನ್ವೇಷಣೆಯು ನಡೆದಿರುವುದು.