ಚಹಾ, ಸಕ್ಕರೆ ಮತ್ತು ಗೋಬಿ: ಘಟಪ್ರಭಾ ಪ್ರದೇಶದ ಅಡುಗೆಯಲ್ಲಿ ಚೀನದ ಗುರುತುಗಳು

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಮನೆಗಳಲ್ಲಿ ಬೆಳಗಾಗುತ್ತಲೆ ಒಲೆಯ ಮೇಲೇರುವ ಪೇಯಕ್ಕೆ 'ಚಹಾ' ಎಂದು ಹೆಸರು. ಮೈಸೂರು ಸೀಮೆಯವರಿಗೆ ಅದೇ 'ಟೀ'. ಈ ಎರಡು ಮಾತುಗಳೂ ಮೂಲತಃ ಚೀನದವೇ ಆಗಿವೆ. ಒಂದೇ ಚೀನೀ ಲಿಪಿಸಂಜ್ಞೆಯನ್ನು ಆ ದೇಶದ ಬಹುಭಾಗದಲ್ಲಿ 'ಚಾ' ಎಂದೂ ಫೂಜಿಯನ್ ಕರಾವಳಿಯ ನುಡಿಯಲ್ಲಿ 'ತೆ' ಎಂದೂ ಉಚ್ಚರಿಸುತ್ತಾರೆ. ನೆಲದ ದಾರಿಯ ವರ್ತಕರಿಂದಲೂ ಮಕಾವಿನ ಪೋರ್ತುಗೀಜರಿಂದಲೂ ಮೊದಲನೆಯದು ಹರಡಿತು. ಡಚ್ಚರ ಹಡಗುಗಳೊಡನೆ ಎರಡನೆಯದು ಯುರೋಪಿಗೆ ಹೋಗಿ, ಇಂಗ್ಲಿಷಿನ ಮೂಲಕ ನಮ್ಮಲ್ಲಿಗೆ ಬಂದಿತು. ಬೆಳಗಾವಿಯ ಕನ್ನಡಿಗನು ಮರಾಠಿಯ ನೆರೆಯಿಂದ ಪಡೆದುದು ಮೊದಲಿನ ರೂಪವನ್ನು.

ಈ ವಿಷಯವನ್ನು ವಿವೇಚಿಸಲು ನಮಗೆ ಪ್ರೇರಣೆಯಾದುದು ತರಗತಿಯಲ್ಲಿ ಮೂಡಲಗಿ ಕಡೆಯ ವಿದ್ಯಾರ್ಥಿಯೊಬ್ಬನು ಕೇಳಿದ ಪ್ರಶ್ನೆ: "ಸರ್, ನಮ್ಮೂರ ಜಾತ್ರ್ಯಾಗ ಮಾರೋ ಗೋಬಿ ಮಂಚೂರಿ ಖರೇನ ಚೀನಾದ್ದೇನ್ರಿ?" ಉಳಿದವರು ನಕ್ಕರು. ಪ್ರಶ್ನೆಯಾದರೋ ನಗುವಂತಹುದಲ್ಲ. ಶಾಸನಗಳಿಗೆ, ರಾಜವಂಶಗಳಿಗೆ ನಾವು ವ್ಯಯಿಸಿದ ಶ್ರಮದ ಶತಾಂಶವನ್ನೂ ಮನೆಯಡುಗೆಯ ಚರಿತ್ರೆಗೆ ವ್ಯಯಿಸಿಲ್ಲ. ಆ ಕೊರತೆಯನ್ನು ಒಪ್ಪಿಕೊಂಡೇ ಉತ್ತರಕ್ಕೆ ತೊಡಗುತ್ತೇವೆ.

ಮೊದಲು ಸಕ್ಕರೆಯನ್ನು ನೋಡೋಣ. ಕಬ್ಬಿನ ಹಾಲನ್ನು ಕಾಯಿಸಿ ಹರಳುಗಟ್ಟಿಸುವ ವಿದ್ಯೆ ಭಾರತದ್ದು. ಕ್ರಿ. ಶ. 647ರಲ್ಲಿ ತಾಂಗ್ ಚಕ್ರವರ್ತಿ ತೈಜೋಂಗನು ಈ ವಿದ್ಯೆಯನ್ನು ಕಲಿತು ಬರಲೆಂದು ಮಗಧಕ್ಕೆ ದೂತರನ್ನು ಕಳುಹಿಸಿದನೆಂದು ಚೀನದ ಚರಿತ್ರೆಗಳು ಹೇಳುತ್ತವೆ. ಕಾಲಾಂತರದಲ್ಲಿ ಚೀನೀಯರು ಸಕ್ಕರೆಯನ್ನು ಇನ್ನಷ್ಟು ಬಿಳುಪುಗೊಳಿಸುವುದನ್ನು ಸಾಧಿಸಿದರು. ಉತ್ತರ ಭಾರತದಲ್ಲಿ ಬಿಳಿಯ ಸಕ್ಕರೆಗೆ 'ಚೀನಿ' ಎಂಬ ಹೆಸರು ನಿಂತುದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ ಇದೇ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಕಾರಖಾನೆಗೆ ಕಬ್ಬು ಸಾಗಿಸುವ ಹುಕ್ಕೇರಿಯ ರೈತನು ಇಂತಹ ಕೊಡುಕೊಳೆಯ ಕೊನೆಯ ಕೊಂಡಿಯಲ್ಲಿ ನಿಂತಿದ್ದಾನೆ. ಗೋಕಾಕದ ಕರದಂಟು ಮಾತ್ರ ಬೆಲ್ಲವನ್ನು ಬಿಟ್ಟುಕೊಟ್ಟಿಲ್ಲ. ಕರಿದ ಅಂಟು, ಒಣಕೊಬ್ಬರಿ, ಉತ್ತತ್ತಿಗಳನ್ನು ಬೆಲ್ಲದ ಪಾಕವೇ ಹಿಡಿದು ನಿಲ್ಲಿಸುತ್ತದೆ. ಇದು ಪ್ರಾಸಂಗಿಕವಾಗಿ ಬಂದ ಮಾತು. ಆದರೂ ಬಿಡಲು ಮನಸ್ಸು ಬರಲಿಲ್ಲ.

ಆಧುನಿಕ ಕಾಲದಲ್ಲಿ ಚೀನೀಯರನ್ನು ಭಾರತದಲ್ಲಿ ನೆಲೆಗೊಳಿಸಿದುದೂ ಸಕ್ಕರೆಯೇ ಎಂಬುದು ಗಮನಾರ್ಹ. 18ನೆಯ ಶತಮಾನದ ಕೊನೆಯ ಭಾಗದಲ್ಲಿ, ವಾರನ್ ಹೇಸ್ಟಿಂಗ್ಸನ ಆಡಳಿತಕಾಲದಲ್ಲಿ, ಟೋಂಗ್ ಅಛ್ಯೂ ಎಂಬ ಚೀನೀ ವರ್ತಕನು ಕಲಕತ್ತೆಯ ಕೆಳಗಡೆ ಬಜ್‌ಬಜ್ ಸಮೀಪದಲ್ಲಿ ಭೂಮಿ ಪಡೆದು ಕಬ್ಬಿನ ತೋಟವನ್ನೂ ಸಕ್ಕರೆಯ ಗಾಣವನ್ನೂ ಹೂಡಿದನು. ಆ ಊರಿಗೆ ಅಛಿಪುರವೆಂಬ ಹೆಸರು ಬಂದುದು ಅವನಿಂದಲೇ. ಕಲಕತ್ತೆಯ ಚೀನೀಯರು ತಮ್ಮ ಹೊಸ ವರ್ಷದ ಸಮಯದಲ್ಲಿ ಅಲ್ಲಿಗೆ ಹೋಗಿ ಅವನ ಸಮಾಧಿಗೆ ವಂದಿಸುತ್ತಾರೆ. ಬಳಿಕ ಬಂದವರಲ್ಲಿ ಕ್ಯಾಂಟನ್ನಿನವರು ಬಡಗಿತನವನ್ನೂ, ಹಕ್ಕಾ ಜನರು ಚರ್ಮ ಹದಮಾಡುವುದನ್ನೂ ಕೈಗೊಂಡರು. ಹಕ್ಕಾ ಜನರ ನೆಲೆ ಟ್ಯಾಂಗ್ರಾ. ಅಲ್ಲಿ ಅವರು ತಮ್ಮ ಮಕ್ಕಳಿಗಾಗಿ ಪೇ ಮೇ ಎಂಬ ಚೀನೀ ಶಾಲೆಯನ್ನು ನಡೆಸಿದರು. ಚಹದ ಕೆಲಸ ಬಲ್ಲ ಚೀನೀಯರನ್ನು 1830ರ ದಶಕದಲ್ಲಿ ಆಂಗ್ಲರು ಅಸ್ಸಾಮಿಗೂ ಕರೆತಂದಿದ್ದರು. ಅಲ್ಲಿನ ಮಾಕುಮ್ ಊರು ಚೀನೀ ಮೂಲದವರ ಒಂದು ಕೇಂದ್ರವಾಯಿತು.

1962ರ ಅಕ್ಟೋಬರಿನಲ್ಲಿ ಯುದ್ಧ ಮೊದಲಾಯಿತು. ಹಲವು ತಲೆಮಾರುಗಳಿಂದ ಇಲ್ಲಿದ್ದು, ಅಸ್ಸಾಮಿ, ನೇಪಾಳಿ, ಹಿಂದಿಗಳನ್ನಾಡುತ್ತಿದ್ದ ಸುಮಾರು 3,000 ಜನರನ್ನು ವಿಚಾರಣೆಯಿಲ್ಲದೆ ಹಿಡಿದು ರಾಜಸ್ಥಾನದ ದೇವಳಿ ಶಿಬಿರಕ್ಕೆ ಸಾಗಿಸಲಾಯಿತು. ಅವರಲ್ಲಿ ವೃದ್ಧರೂ ಹಸುಗೂಸುಗಳೂ ಇದ್ದರು. ಕೆಲವರು 1967ರವರೆಗೂ ಅಲ್ಲಿ ಉಳಿದರು. ಕೆಲವರನ್ನು ತಾವೆಂದೂ ಕಾಣದ ಚೀನಕ್ಕೆ ಹಡಗು ಹತ್ತಿಸಲಾಯಿತು. ಯುದ್ಧ ನಡೆದುದು ಒಂದು ತಿಂಗಳು. ಸೆರೆ ಐದು ವರ್ಷಗಳಷ್ಟು ಎಳೆಯಿತು. ರಾಷ್ಟ್ರದ ಸಂಕಟವನ್ನು ನಾವು ಮರೆತಿಲ್ಲ. ಆದರೆ ಹೆಸರು ಮತ್ತು ಮುಖಚಹರೆಗಳನ್ನೇ ಅಪರಾಧವೆಂದು ಗಣಿಸಿದುದನ್ನು ಸಮರ್ಥಿಸುವುದು ಇತಿಹಾಸಕಾರನಿಗೆ ಸಾಧ್ಯವಿಲ್ಲ. ನಮ್ಮ ಪಠ್ಯಪುಸ್ತಕಗಳಲ್ಲಿ ಯುದ್ಧಕ್ಕೆ ಪುಟಗಳಿವೆ, ದೇವಳಿಗೆ ಒಂದು ಸಾಲೂ ದೊರೆಯುವುದು ಕಷ್ಟ. ದೇವಳಿ ಶಿಬಿರದಲ್ಲಿಯೇ ಹುಟ್ಟಿದ ಜಾಯ್ ಮಾ ಅವರು ದಿಲೀಪ್ ಡಿಸೋಜಾರೊಡಗೂಡಿ 2020ರಲ್ಲಿ ಈ ಕುರಿತು ಗ್ರಂಥವೊಂದನ್ನು ಹೊರತಂದರು.

ಬಿಡುಗಡೆಯಾದವರಿಗೆ ಮನೆ, ಅಂಗಡಿಗಳು ಉಳಿದಿರಲಿಲ್ಲ. ಅನೇಕರು ಕೆನಡಾಕ್ಕೆ ತೆರಳಿದರು. 1996ರಲ್ಲಿ ಕಲಕತ್ತೆಯ ಚರ್ಮ ಕಾರಖಾನೆಗಳನ್ನು ಊರ ಹೊರಗೆ ಸ್ಥಳಾಂತರಿಸುವಂತೆ ಸರ್ವೋಚ್ಚ ನ್ಯಾಯಾಲಯವು ಆದೇಶಿಸಿದ ಮೇಲೆ ಟ್ಯಾಂಗ್ರಾದಲ್ಲಿ ಊಟದ ಗೃಹಗಳೇ ಮುಖ್ಯವಾದವು, ವಲಸೆಯೂ ಹೆಚ್ಚಿತು. ಟ್ಯಾಂಗ್ರಾದ ಶಾಲೆಯಲ್ಲಿ ಒಂದೇ ಹಲಗೆಯ ಮೇಲೆ ಕುಳಿತವರು ಇಂದು ಟೊರೊಂಟೊ ನಗರದಲ್ಲಿ ನೆರೆಯವರು. ಹಕ್ಕಾ ಮನೆಯಡುಗೆಯಲ್ಲಿ ಉಪ್ಪಿನಲ್ಲಿ ಹಾಕಿ ಒಣಗಿಸಿದ ಸಾಸಿವೆ ಸೊಪ್ಪಿನೊಡನೆ ಬೇಯಿಸಿದ ಹಂದಿಮಾಂಸವೂ, ಹೂರಣ ತುಂಬಿದ ಸೋಯಾಗಿಣ್ಣವೂ ಹಬ್ಬದ ಭಕ್ಷ್ಯಗಳು. ಮಸಾಲೆ ಕಡಮೆ. ಆದರೆ ಟೊರೊಂಟೊದಲ್ಲಿ ಇವರು ತೆರೆದ ಊಟದ ಗೃಹಗಳಲ್ಲಿ 'ಹಕ್ಕಾ' ಎಂದು ಬಡಿಸುವುದು ಹಸಿಮೆಣಸಿನಕಾಯಿ, ಬೆಳ್ಳುಳ್ಳಿಗಳ ಖಾರದ ಕಲಕತ್ತೆಯ ರುಚಿಯನ್ನು. ಚೀನದಿಂದ ನೇರವಾಗಿ ಬಂದವರಿಗೆ ಇದು ಅಪರಿಚಿತ. ಪಂಜಾಬಿಗಳಿಗೆ, ಗುಜರಾತಿಗಳಿಗೆ ಅಚ್ಚುಮೆಚ್ಚು.

ನಮ್ಮ ಭಾಗದ ಗುರುವಂದನಾ ಸಮಾರಂಭಗಳನ್ನು ಬಲ್ಲವರಿಗೆ ಆ ನೆರೆಯವರ ಬಾಂಧವ್ಯವನ್ನು ವಿವರಿಸಬೇಕಾಗಿಲ್ಲ. ಪುಣೆ, ಮುಂಬಯಿಗಳಿಂದ ಹಳೆಯ ಗೆಳೆಯರು ಬಂದಾಗ ಭಾಷಣಗಳನ್ನು ಯಾರೂ ನೆನಪಿಡುವುದಿಲ್ಲ. ಸಾಲಾಗಿ ಕುಳಿತು ಉಂಡ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಗಳು ನೆನಪಿನಲ್ಲಿ ಉಳಿಯುತ್ತವೆ. ಅವರಿಗೆ ಮರಳಲು ಊರಿದೆ ಎಂಬುದೊಂದೇ ಭೇದ.

ಇನ್ನು ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಕಲಕತ್ತೆಯಲ್ಲಿ ಹುಟ್ಟಿದ ಚೀನೀ ಮನೆತನದ ನೆಲ್ಸನ್ ವಾಂಗ್ ಎಂಬವರು 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ಕೋಳಿಮಾಂಸದ 'ಮಂಚೂರಿಯನ್' ಅನ್ನು ಮೊದಲು ಮಾಡಿದರೆಂದು ಪ್ರಸಿದ್ಧಿಯಿದೆ. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಗಳು ನಮ್ಮವೇ. ಗರಂ ಮಸಾಲೆಯ ಬದಲು ಸೋಯಾ ರಸ ಮತ್ತು ಮೆಕ್ಕೆಜೋಳದ ಹಿಟ್ಟು. ಕೋಳಿಯ ಸ್ಥಾನಕ್ಕೆ ಹೂಕೋಸು ಬಂದು ಅದು ಸಸ್ಯಾಹಾರವಾಯಿತು, ಮುಂಬಯಿಯಿಂದ ನಮ್ಮ ಸಂತೆಗೂ ಇಳಿಯಿತು. ಹಕ್ಕಾ ಜನರ ಮೂಲಸ್ಥಾನವು ದಕ್ಷಿಣ ಚೀನ, ಮಂಚೂರಿಯವೋ ಈಶಾನ್ಯದ ತುದಿಯಲ್ಲಿದೆ. ಹೆಸರಿಗೂ ಪದಾರ್ಥಕ್ಕೂ ಇರುವ ಸಂಬಂಧ ಇಷ್ಟೇ. ತಳ್ಳುಗಾಡಿಯವರು ಕೆಂಬಣ್ಣವನ್ನು ಸುರಿಯತೊಡಗಿದುದರಿಂದ 2024ರ ಮಾರ್ಚಿನಲ್ಲಿ ಕರ್ನಾಟಕ ಸರಕಾರವು ಗೋಬಿಯಲ್ಲಿ ಕೃತಕ ಬಣ್ಣಗಳನ್ನು ನಿಷೇಧಿಸಬೇಕಾಯಿತು. ಆ ಬಣ್ಣಕ್ಕಾಗಲಿ ಆ ದೋಷಕ್ಕಾಗಲಿ ಚೀನದ ಯಾವ ಮನೆಯೂ ಹೊಣೆಯಲ್ಲ.

ಆದುದರಿಂದ ವಿದ್ಯಾರ್ಥಿಗೆ ನಾವು ಕೊಟ್ಟ ಉತ್ತರ: ಗೋಬಿ ಮಂಚೂರಿ ಚೀನದ್ದಲ್ಲ, ಭಾರತದ ಚೀನೀಯರದು. ಅವನು ಮರುದಿನ ಬಂದು, "ಹಂಗಾದ್ರ ಅವ್ರು ಈಗ ಎಲ್ಲಿ ಅದಾರ್ರಿ?" ಎಂದು ಕೇಳಿದನು. ಮೇಲಿನ ಪುಟಗಳನ್ನು ಬರೆಯಲು ತೊಡಗಿದುದು ಆ ಮೇಲೆ.